ದುಂಡಕ್ಕನ ದಿನದ ತೊಗಟೆ

ಕಾಡಿನಲ್ಲಿ ಹಂದಿಗಳಿರುವ ಜಾಗ ಮೊದಲು ಮೂಗಿಗೆ ಸಿಗುತ್ತದೆ ಮಕ್ಕಳೇ, ಕಣ್ಣಿಗೆ ಆಮೇಲೆ. ನಾನು ಹೇಳುವ ಜಾಗವೂ ಹಾಗೇ. ಒಂದು ಹಳ್ಳ, ಹಳ್ಳದ ಈಚೆ ದಡದಲ್ಲಿ ಕೆಸರು ಹೊಂಡ, ಹೊಂಡಕ್ಕೆ ತಾಗಿಕೊಂಡು ಒಂದು ದಟ್ಟ ಮುಳ್ಳುಪೊದೆ. ಆ ಪೊದೆಯೊಳಗೆ ದುಂಡಕ್ಕ ಎಂಬ ಹಂದಿ ತನ್ನ ಮರಿಗಳ ದಂಡು ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದಳು.

ದುಂಡಕ್ಕನಿಗೆ ಎಲ್ಲರ ಮೇಲೂ ಅನುಮಾನ. ಎಲೆ ಅಲ್ಲಾಡಿದರೆ ಅನುಮಾನ, ಅಲ್ಲಾಡದಿದ್ದರೆ ಇನ್ನೂ ಹೆಚ್ಚು ಅನುಮಾನ. ಪಕ್ಕದ ಬಿಲದ ಮುಳ್ಳುಹಂದಿ ಸೂಜವ್ವ, "ಊಟ ಆಯ್ತಾ ಅಕ್ಕ?" ಅಂತ ಕೇಳಿದರೂ ಸಾಕು, "ನಮ್ಮ ಊಟದ ಸುದ್ದಿ ಇವಳಿಗ್ಯಾಕೆ?" ಅಂತ ಮೂತಿ ತಿರುಗಿಸುವಳು. ಹೊರಗಿನವರ ಭಯಕ್ಕೆ ಮರಿಗಳನ್ನು ಪೊದೆಯಿಂದ ಆಚೆ ಬಿಡುತ್ತಲೇ ಇರಲಿಲ್ಲ. ತಿನ್ನುವುದು ಅಲ್ಲೇ, ಕಕ್ಕ ಮಾಡುವುದು ಅಲ್ಲೇ, ಒಂದರ ಮೇಲೊಂದು ಬಿದ್ದು ಮಲಗುವುದೂ ಅಲ್ಲೇ.

ಹಳ್ಳದ ಈಚೆ ದಡದಲ್ಲೇ ಒಂದು ಕಹಿತೊಗಟೆಯ ಮರ ಇತ್ತು. ಭೇದಿ ಹತ್ತಿ ಸೊರಗಿದ ಮರಿಗೆ ಆ ತೊಗಟೆ ಅಗಿಸಿದರೆ ಭೇದಿ ನಿಲ್ಲುತ್ತಿತ್ತು. ಮರ ಕಾಯುತ್ತಿದ್ದವನು ಬೋಳಣ್ಣ ಎಂಬ ಮುದಿ ಮುಸುವ, ಕರಿಮೂತಿಯ ಕೋತಿ. ಮರಿಯನ್ನು ಕಣ್ಣಾರೆ ನೋಡದೆ ಅವನು ತೊಗಟೆ ಕೊಡುವವನಲ್ಲ. ಹೊಟ್ಟೆ ಒತ್ತಿ ನೋಡುವನು, ನಾಲಿಗೆ ಚಾಚು ಅನ್ನುವನು. ಕೊಟ್ಟರೆ ಗುಣವಾಗುವಷ್ಟು ಕೊಡುವನು, ಇಲ್ಲವಾದರೆ ಚೂರೂ ಇಲ್ಲ.

ಒಂದು ಸಲ ದುಂಡಕ್ಕನ ಮರಿಯೊಂದು ಹಾಗೆ ಗುಣವಾಯಿತು. ತೊಗಟೆ ತಿಂದ ಮೇಲೆ ಮೈಯೂ ತುಂಬಿಕೊಂಡಿತು. ದುಂಡಕ್ಕ ಮರದ ಕೆಳಗೆ ಬಂದು ನಿಂತಳು.

"ಬೋಳಣ್ಣ, ಎಲ್ಲಾ ಮರಿಗೂ ದಿನಾ ಒಂದೊಂದು ಚೂರು ಕೊಡು."

"ಯಾವ ಮರಿಗೆ ಏನಾಗಿದೆ?"

"ಏನೂ ಆಗಿಲ್ಲ. ಆಗಬಾರದು ಅಂತ."

"ಆಗದಿದ್ದರೆ ಮದ್ದು ಯಾಕೆ? ಪೊದೆ ಚೊಕ್ಕ ಮಾಡು ತಾಯಿ. ಮರಿಗಳನ್ನ ಬಿಸಿಲಿಗೆ ಬಿಡು."

ದುಂಡಕ್ಕನ ಕಣ್ಣು ಕಿರಿದಾಯಿತು. "ಓಹೋ! ಮರಿಗಳನ್ನ ಹೊರಗೆ ಬಿಡಬೇಕಂತೆ, ಮದ್ದು ಮಾತ್ರ ಕೊಡಲ್ಲವಂತೆ. ಇವನ ಹೊಟ್ಟೆಯಲ್ಲಿ ಏನೋ ಇದೆ" ಅಂದುಕೊಂಡಳು. ಬೋಳಣ್ಣ ಹಣ್ಣು ಹುಡುಕಿಕೊಂಡು ಹೋದಾಗಲೆಲ್ಲ ಬಂದು, ಬುಡದ ತೊಗಟೆಯನ್ನು ಹಲ್ಲಿನಿಂದ ಸೀಳಿ ಒಯ್ಯತೊಡಗಿದಳು.

ಅಂದಿನಿಂದ ಪೊದೆಯೊಳಗೆ ಹೊಸ ಪದ್ಧತಿ. ಬೆಳಗಾದರೆ ಮರಿಗಳು ಸಾಲಾಗಿ ನಿಂತು ಬಾಯಿ ತೆರೆಯಬೇಕು, ಚೂರು ತೊಗಟೆ ನುಂಗಬೇಕು, ಆಮೇಲೆ ಗೆಡ್ಡೆ.

"ಅವ್ವಾ, ಕಹಿ!" ಅಂತ ಎಲ್ಲಕ್ಕಿಂತ ಚಿಕ್ಕ ಮರಿ ಹುರುಳಿ ಗೊಣಗುತ್ತಿದ್ದಳು. "ನನಗೇನಾಗಿದೆ?"

"ಬಾಯಿ ಮುಚ್ಚಿ ನುಂಗು! ಯಾರ ಕಣ್ಣು ಯಾವಾಗ ಬೀಳುತ್ತೋ ಯಾರಿಗೆ ಗೊತ್ತು?"

ತೊಗಟೆ ಇದೆಯಲ್ಲ ಅನ್ನುವ ಧೈರ್ಯಕ್ಕೆ ದುಂಡಕ್ಕ ಪೊದೆಯ ಕೊಳೆಯ ಕಡೆ ತಲೆಯೇ ಹಾಕಲಿಲ್ಲ. ಮರಿಗಳೂ ದಪ್ಪಗಾದವು. "ನೋಡಿದಿರಾ ನನ್ನ ಬುದ್ಧಿ!" ಅಂತ ಬೀಗಿದಳು.

ಹೀಗೇ ಒಂದು ಬೇಸಿಗೆ ಕಳೆಯಿತು. ಮಳೆ ಶುರುವಾದ ಮೇಲೆ ಹುರುಳಿಗೆ ಭೇದಿ ಹತ್ತಿತು. ದುಂಡಕ್ಕ ಗಾಬರಿಯಾಗಲಿಲ್ಲ. ತೊಗಟೆ ತಂದು ಅಗಿಸಿದಳು. ನಿಲ್ಲಲಿಲ್ಲ. ಬಾಯಿ ತುಂಬ ತುರುಕಿದಳು. ಆಗಲೂ ನಿಲ್ಲಲಿಲ್ಲ. ಹುರುಳಿಯ ಕಣ್ಣುಗಳು ಒಳಗೆ ಹೋದವು, ಬಾಲ ಜೋತುಬಿತ್ತು.

"ಇದು ಸೂಜವ್ವನ ಕೆಲಸ! ಅವಳೇ ರೋಗ ತಂದು ಬಿಟ್ಟಿದ್ದಾಳೆ!" ದುಂಡಕ್ಕ ಗುರ್ ಅನ್ನುತ್ತ ಬಿಲದ ಬಾಯಿಗೆ ನುಗ್ಗಿದಳು.

ಒಳಗೆ ಸೂಜವ್ವ ತನ್ನ ಒಂದೇ ಮಗುವನ್ನು ಎದುರಿಗೆ ಮಲಗಿಸಿಕೊಂಡು ಕೂತಿದ್ದಳು. "ಬಾ ಅಕ್ಕ. ನಿಮ್ಮ ಪೊದೆ ನೀರು ಮಳೆಗೆ ನಮ್ಮ ಬಿಲಕ್ಕೆ ಹರಿದುಬಂತು. ಅವತ್ತಿಂದ ಇದಕ್ಕೂ ಭೇದಿ. ಬೋಳಣ್ಣ ತೊಗಟೆ ಕೊಟ್ಟ, ಹತ್ತಲಿಲ್ಲ, ಭೇದಿ ನಿಲ್ಲಲಿಲ್ಲ."

"ಹತ್ತಲಿಲ್ವಾ?" ದುಂಡಕ್ಕನ ಅನುಮಾನ ಅಲ್ಲಿಂದೆದ್ದು ಮರ ಹತ್ತಿತು. ಹೋಗಿ ಕೂಗಿದಳು, "ಲೋ ಮುಸುವಾ! ಮರದ ಬುಡಕ್ಕೆ ಏನು ಹುಯ್ದೆ? ತೊಗಟೆಯ ಸತ್ವ ಹೋಗಿದೆ!"

ಬೋಳಣ್ಣ ಮೆಲ್ಲಗೆ ಇಳಿದ. "ಸತ್ವ ಹೋಗಿದೆಯೋ ಇಲ್ಲವೋ ನೀನೇ ನೋಡು. ಹಳ್ಳದ ಆಚೆ ದಡದಲ್ಲಿ ಮೊಲದ ಮರಿಗೂ ಭೇದಿಯಂತೆ. ನಡಿ."

"ತೊಗಟೆ ನಾನೇ ಸೀಳ್ತೀನಿ. ನಾನೇ ಹಿಡ್ಕೊಂಡು ಬರ್ತೀನಿ. ನೀನು ಮುಟ್ಟಬೇಡ!"

"ಮುಟ್ಟಲ್ಲ ಮಾರಾಯ್ತಿ."

ದುಂಡಕ್ಕ ತೊಗಟೆ ಕಚ್ಚಿಕೊಂಡು ಹಳ್ಳ ದಾಟಿದಳು, ಹಿಂದೆ ಬೋಳಣ್ಣ. ಆಚೆ ದಡದಲ್ಲಿ ಯಾರೂ ತೊಗಟೆಯನ್ನು ಸುಮ್ಮಸುಮ್ಮನೆ ತಿಂದವರಲ್ಲ. ಮೊಲದ ಮರಿ ಮುಖ ಕಿವುಚಿಕೊಂಡು ಅಗಿಯಿತು. ಮರುದಿನ ಹೊತ್ತೇರುವಷ್ಟರಲ್ಲಿ ಅದು ಎದ್ದು ಗರಿಕೆ ಕಚ್ಚುತ್ತಿತ್ತು!

ದುಂಡಕ್ಕ ಅದನ್ನೇ ನೋಡುತ್ತ ನಿಂತಳು. "ಅದೇ ಮರ. ಅದೇ ತೊಗಟೆ. ನಾನೇ ತಂದಿದ್ದು. ಮತ್ತೆ ನನ್ನ ಹುರುಳಿಗೆ?"

"ಭೇದಿ ತರೋದು ಕಣ್ಣಿಗೆ ಕಾಣದ ಹುಳ" ಅಂದ ಬೋಳಣ್ಣ. "ಬುಡದ ಮೇಲೆ ನಿನ್ನ ಹಲ್ಲಿನ ಗುರುತು ನಾನು ನೋಡಿಲ್ಲ ಅಂದ್ಕೊಂಡೆಯಾ? ನೀನು ದಿನಾ ಚೂರು ಚೂರು ಕೊಟ್ಟೆ. ಮೆತ್ತಗಿನ ಹುಳ ಸತ್ತವು, ಗಟ್ಟಿಯವು ಉಳಿದವು. ಉಳಿದವೇ ನಿನ್ನ ಕೊಳೆಯಲ್ಲಿ ಮರಿ ಮಾಡಿದವು. ಈಗ ನಿನ್ನ ಪೊದೆ ತುಂಬ ತೊಗಟೆಗೆ ಬಗ್ಗದ ಹುಳವೇ. ಅವು ನೀರಿನ ಜೊತೆ ಸೂಜವ್ವನ ಬಿಲಕ್ಕೂ ಹೋಗಿವೆ."

"ಈಗೇನು ಮಾಡ್ಲಿ?" ದುಂಡಕ್ಕನ ದನಿ ಮೊದಲ ಸಲ ಸಣ್ಣಗಾಯಿತು.

"ಹುರುಳಿಯನ್ನ ಬೇರೆ ಮಲಗಿಸು, ಒಣ ಮರಳಿನ ಮೇಲೆ. ಹರಿಯೋ ನೀರು ಆಗಾಗ ಕುಡಿಸ್ತಾ ಇರು. ಉಳಿದವರನ್ನ ಪೊದೆಯಿಂದ ಆಚೆ ಹಾಕು."

"ಬಯಲಿಗೆ? ಹದ್ದು ಬಂದರೆ?"

"ಹದ್ದು ಕಾಣುತ್ತೆ, ಓಡಬಹುದು. ಇದು ಕಾಣಲ್ಲ ತಾಯಿ."

ದುಂಡಕ್ಕ ಒಂದು ಕಣ್ಣು ಆಕಾಶದ ಮೇಲೆ, ಒಂದು ಕಣ್ಣು ಬೋಳಣ್ಣನ ಮೇಲೆ ಇಟ್ಟುಕೊಂಡೇ ಹೇಳಿದಂತೆ ಮಾಡಿದಳು. ಎಲೆಯ ದೊನ್ನೆಯಲ್ಲಿ ಬೋಳಣ್ಣ ನೀರು ತಂದರೆ ಮೊದಲು ತಾನು ಕುಡಿದು ನೋಡುವಳು, ಆಮೇಲೆ ಮಗಳಿಗೆ ಕೊಡುವಳು. ಹುರುಳಿ ಬಹಳ ನರಳಿದಳು. ಕೊನೆಗೊಂದು ಬೆಳಗ್ಗೆ, "ಅವ್ವಾ, ಗೆಡ್ಡೆ ಇದ್ಯಾ?" ಅಂದಳು.

ದುಂಡಕ್ಕ ಅದೇ ಸಂತೋಷದಲ್ಲಿ ಒಂದು ಗೆಡ್ಡೆ ಕಚ್ಚಿಕೊಂಡು ಸೂಜವ್ವನ ಬಿಲಕ್ಕೆ ಓಡಿದಳು. ಸೂಜವ್ವ ಬಿಲದ ಬಾಯಲ್ಲಿ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಹೊಸದಾಗಿ ಮುಚ್ಚಿದ ಮಣ್ಣು.

"ಅಕ್ಕ" ಅಂದಳು ಸೂಜವ್ವ, "ಕಾಯಿಲೆ ಬೀಳೋವರೆಗೆ ನನ್ನ ಮಗು ಆ ತೊಗಟೆಯ ರುಚಿಯೇ ನೋಡಿರಲಿಲ್ಲ."

ದುಂಡಕ್ಕನ ಬಾಯಿಂದ ಗೆಡ್ಡೆ ಬಿತ್ತು. ಯಾರ ಮೇಲೆ ಅನುಮಾನ ಪಡಬೇಕು ಅಂತ ಸುತ್ತ ನೋಡಿದಳು. ಯಾರೂ ಇರಲಿಲ್ಲ. ತನ್ನ ಕಾಲಿಗೆ ಮೆತ್ತಿದ ಕೆಸರು ಮಾತ್ರ ಕಂಡಿತು.

ಈಗಲೂ ಈಚೆ ದಡದಲ್ಲಿ ಆ ಭೇದಿಗೆ ತೊಗಟೆ ಹತ್ತುವುದಿಲ್ಲ. ಆಚೆ ದಡದಲ್ಲಿ ಹತ್ತುತ್ತದೆ. ಅದನ್ನಾದರೂ ಉಳಿಸಿಕೊಳ್ಳಬೇಕಲ್ಲ? ಮೊನ್ನೆ ಹೊಸದಾಗಿ ಬಂದ ಹಂದಿಯೊಬ್ಬ ಮರದ ಹತ್ತಿರ ಸುಳಿದ. ಬೋಳಣ್ಣನ ಜೊತೆ ಕಾವಲಿಗೆ ಅಂತ ಬುಡದಲ್ಲಿ ದುಂಡಕ್ಕ ಕಾಲು ಚಾಚಿ ಮಲಗಿದ್ದಳು.

"ಅಕ್ಕ, ಒಂಚೂರು ತೊಗಟೆ. ಮರಿಗಳಿಗೆ ಮೈ ತುಂಬಲಿ ಅಂತ."

ದುಂಡಕ್ಕ ಎದ್ದು ಅವನ ಸುತ್ತ ಒಂದು ಸುತ್ತು ಮೂಸಿದಳು. "ಯಾವ ಮರಿಗೆ ಏನಾಗಿದೆ? ಕರ್ಕೊಂಡು ಬಾ, ಹೊಟ್ಟೆ ಒತ್ತಿ ನೋಡಬೇಕು. ಅದಕ್ಕೂ ಮೊದಲು ನಿನ್ನ ಪೊದೆ ತೋರಿಸು."

"ಅಬ್ಬಾ, ಎಷ್ಟು ಅನುಮಾನ ನಿನಗೆ!"

"ಹೌದಪ್ಪ" ಅಂದಳು ದುಂಡಕ್ಕ, ಸೂಜವ್ವನ ಬಿಲದ ಪಕ್ಕ ಮುಚ್ಚಿದ ಆ ಮಣ್ಣಿನ ಕಡೆ ನೋಡುತ್ತ. "ನಡಿ, ಪೊದೆ ತೋರಿಸು."

ನೀತಿ: ಕಾಯಿಲೆಗೆ ಅಂತ ಇರುವ ಮದ್ದನ್ನು ಕಾಯಿಲೆ ಇಲ್ಲದವರಿಗೆ ದಿನವೂ ತಿನ್ನಿಸಿದರೆ, ಬೇಕಾದ ದಿನ ಅದು ನಮಗೂ ಹತ್ತುವುದಿಲ್ಲ, ನೆರೆಯವರಿಗೂ ಹತ್ತುವುದಿಲ್ಲ; ಮದ್ದಿಗೆ ಕೈ ಹಾಕುವ ಮೊದಲು ಮಲಗುವ ಜಾಗ ಚೊಕ್ಕವಾಗಿರಲಿ.