ಪೆಪ್ಟೈಡ್ ಸೀಸೆ ಮತ್ತು ಬಿಳಿ ಇಲಿ

ಪ್ರಯೋಗಶಾಲೆಯ ಮೇಜಿನ ಮೇಲೆ, ಹೊಟ್ಟೆಹುಣ್ಣಿಗೆಂದು ಹೊಸದಾಗಿ ತಯಾರಿಸಿದ ಪೆಪ್ಟೈಡ್ ಮದ್ದಿನ ಸೀಸೆಯೊಂದಿತ್ತು. ಪಕ್ಕದ ಪಂಜರದಲ್ಲಿ ಹುಣ್ಣು ಮಾಯ್ದು ಓಡಾಡುತ್ತಿದ್ದ ಬಿಳಿ ಇಲಿಯನ್ನು ಕಂಡು ಅದು ಬೀಗಿತು.

“ನೋಡಿದೆಯಾ ನನ್ನ ಮಹಿಮೆ? ನಾಳೆಯೇ ಮನುಷ್ಯರ ಹೊಟ್ಟೆಗೆ ಹೊರಡುತ್ತೇನೆ.”

“ತಾಳು,” ಎಂದಿತು ಇಲಿ. “ನಿನ್ನನ್ನು ಕುಡಿಸಿದ್ದು ಎದುರು ಪಂಜರದ ಇಲಿಗಳಿಗೆ. ಹೋಲಿಸಿ ನೋಡಲೆಂದು ನಮಗೆ ಕೊಟ್ಟಿದ್ದು ಬರೀ ಉಪ್ಪುನೀರು.”

ಸೀಸೆ ತಬ್ಬಿಬ್ಬಾಯಿತು. “ಹಾಗಾದರೆ ನಿನ್ನ ಹುಣ್ಣು ಮಾಯಿಸಿದವರು ಯಾರು?”

“ನನ್ನ ಹೊಟ್ಟೆಯೇ. ಕೆಲವೇ ದಿನಗಳಿಗೊಮ್ಮೆ ಅದು ತನ್ನ ಒಳಪದರವನ್ನು ಹೊಸದಾಗಿ ಬೆಳೆಸಿಕೊಳ್ಳುತ್ತದೆ, ನಾನು ನಿದ್ದೆ ಮಾಡುವಾಗಲೂ.”

ಸೀಸೆ ಬಹಳ ಹೊತ್ತು ಆ ಪುಟ್ಟ ಹೊಟ್ಟೆಯನ್ನೇ ನೋಡಿತು. ಅಂಥ ಮದ್ದನ್ನು ಅದು ಎಲ್ಲೂ ಕಂಡಿರಲಿಲ್ಲ. “ಮತ್ತೆ ಎದುರಿನವರು?” ಎಂದು ಮೆಲ್ಲಗೆ ಕೇಳಿತು.

“ನಮಗಿಂತ ಒಂದು ದಿನ ಮೊದಲೇ ಗುಣವಾದರು. ಆ ಒಂದು ದಿನ ನಿನ್ನದಿರಬಹುದು. ಆದರೆ ಎರಡೂ ಕಡೆ ಸೇರಿ ನಾವಿದ್ದದ್ದು ಹನ್ನೆರಡೇ ಇಲಿ. ಮನುಷ್ಯರಿಗಂತೂ ನಿನ್ನನ್ನು ಇನ್ನೂ ಯಾರೂ ಕೊಟ್ಟು ನೋಡಿಲ್ಲ.”

ಇಷ್ಟು ದಿನ ಬಿರುದೆಂದುಕೊಂಡು ಹೊತ್ತಿದ್ದ ಮೈಮೇಲಿನ ಚೀಟಿಯನ್ನು ಸೀಸೆ ಮೊದಲ ಸಲ ಓದಿಕೊಂಡಿತು. ‘ಪರೀಕ್ಷೆಗೆ ಮಾತ್ರ’ ಎಂದಿತ್ತು.