ಪಂಪಣ್ಣ ಓದದ ಸಾಲು

ಹೊಳೆದಂಡೆಯ ಆಶ್ರಮದಲ್ಲಿ ಪಂಪಣ್ಣ ಕಂಪ್ಯೂಟರಿನ ಮುಂದೆ ಕೂತು ಕುದಿಯುತ್ತಿದ್ದ.

ಆಶ್ರಮದ ಹಿರಿಯರಾದ ಅವ್ವನವರ ಪ್ರವಚನವನ್ನು ಗಟ್ಟಿಯಾಗಿ ಓದಿ ಹೇಳುವ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮ್ ಅದರಲ್ಲಿತ್ತು. ಅದನ್ನು ಬರೆದ ಶಿಷ್ಯ ಊರಿಗೆ ಹೋಗಿದ್ದ. ಪಡಸಾಲೆಯಲ್ಲಿ ಕಣ್ಣು ಕಾಣದವರು ಕಾದಿದ್ದರು.

ಕಪ್ಪು ಪರದೆಯ ಮೇಲೆ ಪಂಪಣ್ಣ ಮತ್ತೆ ‘ಪೈಥಾನ್’ ಎಂದು ಟೈಪಿಸಿ, ಮುಂದೆ ಫೈಲಿನ ಹೆಸರು ಸೇರಿಸಿ, ಎಂಟರ್ ಒತ್ತಿದ. ಮತ್ತೆ ಅದೇ ಇಂಗ್ಲಿಷ್ ಸಾಲು.

“ಬೇಕಂತಲೇ ನನ್ನ ಕಾಡಾಕತ್ತೈತಿ ಇದು!” ಎಂದು ಮೇಜು ಗುದ್ದಿದ.

ಸದ್ದಿಗೆ ಅವ್ವನವರು ಬಂದರು. “ಯಾರ ಮ್ಯಾಲಪ್ಪ ಸಿಟ್ಟು?”

“ಈ ಮಷಿನ್ ಮ್ಯಾಲೆ, ಅವ್ವಾ. ಹೇಳಿದ್ದು ಒಂದೂ ಕೇಳವಲ್ದು.”

“ಅದು ಏನಂತು?”

“ತಪ್ಪು ಅಂತು.”

“ಏನು ತಪ್ಪು?”

“ಯಾರಿಗೆ ಗೊತ್ತು!”

“ಓದಲಿಲ್ಲೇನು? ಬೆರಳಿಟ್ಟು ಓದು.”

ಅವಮಾನದಿಂದ ಅವನ ಕಿವಿ ಬಿಸಿಯಾಯಿತು. ಆದರೂ ಓದಿದ. ಅವನಿರುವ ಫೋಲ್ಡರಿನಲ್ಲಿ ಆ ಹೆಸರಿನ ಫೈಲೇ ಇಲ್ಲ ಎಂದಿತ್ತು.

“ಫೈಲ್ ಎಲ್ಲೈತಿ?”

“ಪ್ರವಚನದ ಫೋಲ್ಡರಿನಾಗ.”

“ನೀ ಎಲ್ಲಿದ್ದಿ?”

ಪಂಪಣ್ಣ ಫೋಲ್ಡರ್ ಬದಲಿಸುವ ‘ಸಿಡಿ’ ಆಜ್ಞೆ ಟೈಪಿಸಿ ಆ ಫೋಲ್ಡರಿನ ಒಳಗೆ ಹೋದ. ಮತ್ತೆ ಪೈಥಾನ್, ಫೈಲಿನ ಹೆಸರು, ಎಂಟರ್.

ಪಡಸಾಲೆಯ ಸ್ಪೀಕರಿನಲ್ಲಿ ದನಿ ಎದ್ದಿತು. ಕೇಳುವವರು ಕೈಮುಗಿದರು. ಪಂಪಣ್ಣನ ಎದೆ ಉಬ್ಬಿತು.

ಪ್ರವಚನ ಮುಗಿಯಿತು. ಕೇಳುತ್ತಿದ್ದವರಲ್ಲಿ ಹುಲಿಗೆಮ್ಮ ಎಂಬವಳು ಗೋಡೆ ಸವರುತ್ತ ಒಳಬಂದಳು. ಅವಳಿಗೆ ಹುಟ್ಟಿನಿಂದಲೂ ಕಣ್ಣಿಲ್ಲ. ಅಂಧರ ಶಾಲೆಯಲ್ಲಿ ಟೈಪಿಂಗ್ ಕಲಿತಿದ್ದಳು.

“ಅಣ್ಣಾ, ಇದನ್ನ ಶುರು ಮಾಡೋದು ನನಗೂ ಹೇಳಿಕೊಡು. ನೀ ಇಲ್ಲದಾಗ ನಾವೇ ಹಚ್ಚಿಕೊಂತೀವಿ.”

ಪಂಪಣ್ಣ ನಕ್ಕುಬಿಟ್ಟ. “ಇದು ಕಣ್ಣಿದ್ದವರ ಕೆಲಸ, ತಂಗೀ. ನಿನ್ನ ಕೈಲಿ ಆಗಂಗಿಲ್ಲ.”

“ಅಕ್ಷರ ಒತ್ತೋದು ಬೆರಳು, ಕಣ್ಣಲ್ಲ!” ಎಂದಳು ಹುಲಿಗೆಮ್ಮ. ಹೋಗಲು ತಿರುಗಿದಳು.

“ನಿಲ್ಲು, ತಾಯಿ,” ಎಂದರು ಅವ್ವನವರು. ಅವರ ದನಿ ಇಷ್ಟು ಗಡುಸಾದದ್ದನ್ನು ಪಂಪಣ್ಣ ಎಂದೂ ಕೇಳಿರಲಿಲ್ಲ. “ಪಂಪಣ್ಣ, ತುಸು ಹೊತ್ತಿನ ಹಿಂದ ನಿನಗೂ ಬರ್ತಿರಲಿಲ್ಲ. ನಾ ನಕ್ಕೆನೇನು?”

“ಇಲ್ಲವ್ವ.” ಅವನು ತಲೆ ತಗ್ಗಿಸಿದ. ಆದರೂ ಸುಮ್ಮನಿರಲಾಗಲಿಲ್ಲ. “ಆದರ ತಪ್ಪಾದಾಗ ಪರದೆ ಮ್ಯಾಲೆ ಏನು ಬಂತು ಅಂತ ಅಕಿಗೆ ಹೆಂಗ ತಿಳೀತೈತಿ?”

ಅವ್ವನವರು ಹುಲಿಗೆಮ್ಮನ ಕೈ ಹಿಡಿದು ಮೇಜಿನ ಬಳಿ ತಂದರು.

“ನೀ ಓದಿ ಹೇಳು. ನೀ ಇಲ್ಲದಾಗ ನಾ ಓದ್ತೀನಿ. ಈಗ ಏಳು, ಕುರ್ಚಿ ಬಿಡು.”