ಮುದ್ದವ್ವ ಪಳಗಿಸಿದ ಕುದುರೆಯ ಎರಡು ಕಿವಿ

ಲೋಕಕ್ಕೆ ಬಳಿದ ಸುಣ್ಣ ಇನ್ನೂ ಒಣಗದ ಕಾಲ. ಆಗ ಗಾಳಿಯೂ ಮಾತಾಡುತ್ತಿತ್ತು, ಕುದುರೆಯೂ ಮಾತಾಡುತ್ತಿತ್ತು. ಆದರೆ ಕುದುರೆಯ ಎರಡು ಕಿವಿ ಮಾತ್ರ ಜೋಡೆತ್ತಿನ ಹಾಗೆ, ಹೊರಳಿದರೆ ಒಟ್ಟಿಗೇ ಹೊರಳುತ್ತಿದ್ದವು.

ಹೊಳೆದಂಡೆಯ ಕೋಟೆಯಲ್ಲಿ ಮುದ್ದವ್ವ ಎಂಬಾಕೆ ದಂಡಿಗೆ ಕುದುರೆ ಪಳಗಿಸುತ್ತಿದ್ದಳು. ಈ ಸಲ ಬಂದ ಕೆಂದ ಎಂಬ ಕುದುರೆ ಅವಳ ಜೀವ ತಿನ್ನುತ್ತಿತ್ತು. ಇನ್ನು ಮೂರೇ ದಿನಕ್ಕೆ ದಂಡು ಹೊರಡಬೇಕು. ಕೆಂದನನ್ನು ಏರಿ ಎಲ್ಲರಿಗಿಂತ ಮುಂದೆ ಹೋಗುವವನು ಅವಳ ಒಬ್ಬನೇ ತಮ್ಮ, ಬೊಮ್ಮಯ್ಯ. ಹೇಳಿದ ಮಾತು ಕೇಳದ ಕುದುರೆ ಏರಿ ಹೋದವನು ತಿರುಗಿ ಬಂದಾನೆಯೇ?

"ನಿಲ್ಲು!" ಎಂದು ಮುದ್ದವ್ವ ಬೆನ್ನ ಮೇಲಿಂದ ಕೂಗುವಳು. "ಬಾರೋ, ಬಾರೋ" ಎಂದು ಗಾಳಿ ಎದುರಿನಿಂದ ಕರೆಯುವುದು. ಕೆಂದನ ಎರಡು ಕಿವಿಯೂ ಗಾಳಿಯ ಕಡೆಗೇ. ಓಡಿಯೇ ಓಡುವುದು.

"ನಿನಗೆ ಹೇಳೋದೂ ಒಂದೇ, ಆ ಬಂಡೆಗೆ ಹೇಳೋದೂ ಒಂದೇ! ಅವು ಕಿವಿಯೋ, ತೂತೋ?"

"ಗಾಳಿ ಕರೀತಲ್ಲವ್ವಾ," ಅಂದಿತು ಕೆಂದ, ಪಾಪದ ಮುಖ ಮಾಡಿ.

"ಗಾಳಿ ನಿನಗೆ ಹುರುಳಿ ಬೇಯಿಸಿ ಹಾಕತ್ತಾ?"

ಎರಡು ದಿನ ಇದೇ ರಾಮಾಯಣ. ಮುದ್ದವ್ವನಿಗೆ ಸಾಕುಸಾಕಾಯಿತು. ಮೂರನೆಯ ದಿನ ಸಿಟ್ಟಿನ ಭರದಲ್ಲಿ ಅದರ ಎರಡೂ ಕಿವಿಗೆ ಹತ್ತಿ ತುರುಕಿದಳು. "ಈಗ ಕೇಳು ನಿನ್ನ ಗಾಳಿಯ ಮಾತು!"

ಬೊಮ್ಮಯ್ಯ ಬೆನ್ನೇರಿ ಒಂದಿಷ್ಟು ದೂರ ಓಡಿಸಿ "ನಿಲ್ಲು" ಅಂದ. ಕೆಂದ ನಿಲ್ಲಲಿಲ್ಲ. ಅಯ್ಯೋ, ಗಾಳಿಯ ಮಾತು ಕೇಳದ ಕಿವಿಗೆ ತಮ್ಮನ ಮಾತಾದರೂ ಹೇಗೆ ಕೇಳೀತು! ಮುದ್ದವ್ವ ಹಣೆ ಚಚ್ಚಿಕೊಂಡು, ಓಡಿಹೋಗಿ ಕಡಿವಾಣ ಹಿಡಿದು, ಒಂದು ಕಿವಿಯ ಹತ್ತಿ ಕಿತ್ತಳು. ಆ ಕಿವಿ ಬೊಮ್ಮಯ್ಯನ ದನಿಗೆ ಹಿಂದಕ್ಕೆ ತಿರುಗಿತು. ಇನ್ನೊಂದು ಏನೂ ಕೇಳದೆ ಮುಂದಕ್ಕೇ ಸೆಟೆದು ನಿಂತಿತ್ತು. ಅದರ ಹತ್ತಿ ಕಿತ್ತ ಕೂಡಲೇ ಗಾಳಿ ಒಳಗೆ ನುಗ್ಗಿತು. ಆ ಕಿವಿ ಅಲ್ಲೇ ಉಳಿಯಿತು.

"ಈಗ ಇದೊಂದು ಬಾಕಿ ಇತ್ತು! ಒಂದು ಹಿಂದೆ, ಒಂದು ಮುಂದೆ!" ಮುದ್ದವ್ವ ಕೈಚೆಲ್ಲಿ ಕೂತಳು.

ಮಾರನೆಯ ಬೆಳಗ್ಗೆ ದಂಡು ಹೊರಟಾಗ ದಟ್ಟ ಮಂಜು. "ಓಡು" ಅಂದ ಬೊಮ್ಮಯ್ಯ. ಹಿಂದಿನ ಕಿವಿ ಕೇಳಿಸಿಕೊಂಡಿತು, ಕೆಂದ ಓಡಿತು. "ನಿಲ್ಲೋ, ಮುಂದೆ ದಡ ಕುಸಿದಿದೆ!" ಅಂದಿತು ಗಾಳಿ. ಮುಂದಿನ ಕಿವಿ ಕೇಳಿಸಿಕೊಂಡಿತು, ಕೆಂದ ಗಕ್ಕನೆ ನಿಂತಿತು. ಒಂದೇ ಹೆಜ್ಜೆ ಮುಂದೆ, ಕೆಳಗೆ ಭೋರ್ಗರೆಯುವ ಹೊಳೆ.

ದಂಡನ್ನು ಕಳಿಸಿಕೊಡಲು ಬಂದಿದ್ದ ಮುದ್ದವ್ವ ಏದುಸಿರು ಬಿಡುತ್ತಾ ಓಡಿ ಬಂದು, ತಮ್ಮನ ಮೈಯೆಲ್ಲ ತಡವಿ ನೋಡಿ, ಕೆಂದನ ಕೊರಳು ತಬ್ಬಿಕೊಂಡಳು.

"ನಾನು ಮೂರು ದಿನ ಗಂಟಲು ಹರಿದುಕೊಂಡರೂ ನಿಲ್ಲಲಿಲ್ಲ, ಆ ಗಾಳಿ ಒಂದು ಸಲ ಅಂದಿದ್ದಕ್ಕೆ ನಿಂತೆಯಲ್ಲೋ, ಹಾಳಾದವನೇ!" ಎಂದು ಬೈಯುತ್ತಲೇ ಅತ್ತಳು.

ಅದಕ್ಕೇ ನೋಡು ಮಗೂ, ಇವತ್ತಿಗೂ ಬೆನ್ನ ಮೇಲೆ ಸವಾರ ಕೂತರೆ ಕುದುರೆ ಒಂದು ಕಿವಿಯನ್ನು ಅವನ ಕಡೆಗೆ ತಿರುಗಿಸಿ, ಇನ್ನೊಂದನ್ನು ಮುಂದಿನ ದಾರಿಗೆ ಇಟ್ಟುಕೊಂಡೇ ನಡೆಯುತ್ತದೆ.